ಬೆರೆಯದ ಪ್ಲಾಸ್ಟಿಕ್‌ಗೆ ಕಸಿ ಕಟ್ಟುವುದು

ಹೋದ ಸಂಚಿಕೆಯಲ್ಲಿ ಮಿಕ್ಸ್ ದಾನಾ, ಅಂದರೆ ಬೇರೆ ಬೇರೆ ಜಾತಿಯ ಹಳೇ ಪ್ಲಾಸ್ಟಿಕ್ ಒಟ್ಟಿಗೇ ಕರಗಿಸಿ ಮಾಡಿದ ಕಾಳು, ಅದರ ಬಗ್ಗೆ ಎರಡು ಮಾತು ಬರೆದಿದ್ದೆ. ಬೆರಕೆ ಪ್ಲಾಸ್ಟಿಕ್ಕಿನ ಸಾಮಾನು ಯಾಕೆ ಅಷ್ಟು ಬೇಗ ಒಡೆಯುತ್ತದೆ, ಮುಂದೆ ನೋಡೋಣ ಅಂದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ. ಕೆಲವರು ಒಡೆದ ತುಂಡುಗಳನ್ನೂ ಜೊತೆಗೆ ಕಳಿಸಿದ್ದಾರೆ. ನಮ್ಮ ಅಂಚೆಯಣ್ಣ "ಏನ್ ಸಾರ್, ಗುಜರಿ ಅಂಗಡಿ ಇಟ್ರಾ?" ಎಂದು ಕೇಳಿಯೇಬಿಟ್ಟ. ಅಂತರಸನಹಳ್ಳಿಯ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಮೋಲ್ಡಿಂಗ್ ಮಷೀನ್ ಓಡಿಸಿದವನಿಗೆ ಆ ಮಾತೇನೂ ಹೊಸದಲ್ಲ. ಈ ಸಲ ಐದು ಪತ್ರ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹೋಗಿದೆ, ಉಳಿದವರು ಬೇಜಾರು ಮಾಡಿಕೊಳ್ಳಬಾರದು.

ಪ್ರಶ್ನೆ: ಸರ್, ನನ್ನದು ಚಿಕ್ಕ ರೀಪ್ರೊಸೆಸ್ ಘಟಕ. ಗುಜರಿಯಿಂದ ಬರುವ ಪಿಪಿ (ಪಾಲಿಪ್ರೊಪಿಲೀನ್) ಮತ್ತು ಎಚ್‌ಡಿ (ಗಟ್ಟಿ ಜಾತಿಯ ಪಾಲಿಎಥಿಲೀನ್) ಎರಡನ್ನೂ ಒಟ್ಟಿಗೇ ಗ್ರೈಂಡ್ ಮಾಡಿ, ತೊಳೆದು, ಸಿಂಗಲ್ ಸ್ಕ್ರೂ ಎಕ್ಸ್‌ಟ್ರೂಡರಿನಲ್ಲಿ (ಒಂದೇ ತಿರುಪಿನಿಂದ ಕರಗಿಸಿ ತಳ್ಳುವ ಮಷೀನ್) ದಾನಾ ಮಾಡುತ್ತೇನೆ. ಹೆಚ್ಚು ಕಡಿಮೆ 60 ಭಾಗ ಪಿಪಿ, 40 ಭಾಗ ಎಚ್‌ಡಿ. ಅದನ್ನು ಕೊಂಡು ಟೊಮ್ಯಾಟೊ ಕ್ರೇಟ್ ಮಾಡುವವರು ಈಗ ಮಾಲು ವಾಪಸ್ ಕಳಿಸಿದ್ದಾರೆ. ಮೂಲೆಯಲ್ಲಿ ಬಿಡುತ್ತದಂತೆ, ಹಿಡಿಯ ಹತ್ತಿರ ಪದರ ಏಳುತ್ತದಂತೆ. ಒಬ್ಬ ಏಜೆಂಟರು ಮ್ಯಾಲೆಯಿಕ್ ಕೂರಿಸಿದ ಪಿಪಿ ದಾನಾ ತೋರಿಸಿ, "ಇದು ಕಂಪ್ಯಾಟಿಬಿಲೈಸರ್, ಬೆರೆಯದ್ದನ್ನು ಬೆಸೆಯುತ್ತೆ, ನೂರಕ್ಕೆ ಐದು ಹಾಕಿ, ಕಬ್ಬಿಣ ಆಗುತ್ತೆ" ಅನ್ನುತ್ತಿದ್ದಾರೆ. ತಗೊಳ್ಳಲಾ? ಒಂದು ತುಂಡು ಕಳಿಸಿದ್ದೇನೆ.
— ಓದುಗರು, ಮಾಲೂರು

ಉತ್ತರ: ತಗೋಬೇಡಿ. ಆ ದಾನಾ ಕೆಟ್ಟದ್ದು ಅಂತಲ್ಲ. ನಿಮ್ಮ ಕಾಯಿಲೆಗೆ ಅದು ಮದ್ದಲ್ಲ.

ನೀವು ಕಳಿಸಿದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಡೆದ ಅಂಚು ಎಲ್ಲೂ ಬೆಳ್ಳಗಾಗಿಲ್ಲ. ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಬಗ್ಗಿಸಿದರೆ ಒಡೆಯುವ ಮೊದಲು ಆ ಜಾಗ ಬಿಳಿಚಿಕೊಳ್ಳುತ್ತದೆ. ಒಳಗೆ ಲಕ್ಷಾಂತರ ಸಣ್ಣ ಸಣ್ಣ ಜಾಗಗಳಲ್ಲಿ ಅದು ಎಳೆದುಕೊಂಡು ಪೆಟ್ಟನ್ನು ನುಂಗಿದೆ ಅನ್ನುವುದಕ್ಕೆ ಆ ಬಿಳುಪೇ ಗುರುತು. ನಿಮ್ಮದು ಟಕ್ ಎಂದು ಮುರಿದಿದೆ. ಆಮೇಲೆ ಹಿಡಿಯ ಪಕ್ಕ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆದೆ. ಒಂದು ತೆಳು ಸಿಪ್ಪೆ ಬಾಳೆದಿಂಡಿನ ಪದರದ ಹಾಗೆ ಎದ್ದು ಬಂತು.

ಆ ಸಿಪ್ಪೆ ನನಗೆ ಹಳೇ ಪರಿಚಯ. ಇಪ್ಪತ್ತು ವರ್ಷದ ಹಿಂದೆ ನಾನೂ ಅಗ್ಗಕ್ಕೆ ಸಿಗುತ್ತೆ ಅಂತ ಒಬ್ಬರ ಹತ್ತಿರ "ಪ್ಯೂರ್ ಪಿಪಿ" ತಂದು ಸ್ಟೂಲ್ ಮಾಡಿದ್ದೆ. ಅದರಲ್ಲಿ ಎಣ್ಣೆ ಕ್ಯಾನಿನ ಎಚ್‌ಡಿ ಧಾರಾಳವಾಗಿ ಸೇರಿತ್ತು. ಶಿರಾದಲ್ಲಿ ನಮ್ಮದೇ ನೆಂಟರ ಮದುವೆ. ಛತ್ರದಲ್ಲಿ ನನ್ನದೇ ಸ್ಟೂಲು. ಅದರ ಮೇಲೆ ಕೂತವರು ನನ್ನ ಸೋದರಮಾವ. ಊಟದ ಎಲೆ ಹಾಕುವ ಹೊತ್ತಿಗೆ ಕಾಲು ಮುರಿಯಿತು. ಮಾವನಿಗೆ ಏನೂ ಆಗಲಿಲ್ಲ, ಆದರೆ ಆ ಮುರಿದ ಕಾಲನ್ನು ನನ್ನ ಕೈಗೆ ಕೊಟ್ಟು "ನೋಡಪ್ಪಾ ನಿನ್ನ ಫ್ಯಾಕ್ಟರಿ" ಅಂದದ್ದನ್ನು ಈಗಲೂ ಹಬ್ಬಕ್ಕೊಮ್ಮೆ ನೆನಪಿಸುತ್ತಾರೆ. ಆ ಕಾಲೂ ಹೀಗೇ ಸುಲಿದಿತ್ತು.

ಒಳಗೆ ನಡೆಯುವುದು ಇಷ್ಟು. ಪಿಪಿ ಮತ್ತು ಎಚ್‌ಡಿ ಎರಡೂ ಕರಗುತ್ತವೆ, ಆದರೆ ಒಂದರೊಳಗೊಂದು ಬೆರೆಯುವುದಿಲ್ಲ. ಪಿಪಿ ಕೆರೆಯ ಹಾಗೆ ಹರಡಿಕೊಂಡರೆ, ಎಚ್‌ಡಿ ಅದರೊಳಗೆ ಹನಿಹನಿಯಾಗಿ ಕೂರುತ್ತದೆ. ಹನಿಗೂ ಸುತ್ತಲಿನ ಪಿಪಿಗೂ ನಡುವೆ ಹಿಡಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಿರುಕು ಎದ್ದರೆ ಒಂದು ಹನಿಯ ಮೈ ಸವರಿಕೊಂಡು ಇನ್ನೊಂದು ಹನಿಗೆ ಹಾರುತ್ತದೆ. ಅದಕ್ಕೆ ಸಿದ್ಧವಾದ ದಾರಿ ಹಾಕಿಕೊಟ್ಟ ಹಾಗೆ. ಮೋಲ್ಡಿನ ಗೋಡೆಯ ಪಕ್ಕ, ಗೇಟಿನ, ಅಂದರೆ ಮಾಲು ಮೋಲ್ಡಿಗೆ ಒಳಬರುವ ಬಾಯಿಯ ಹತ್ತಿರ, ಮಾಲು ಜೋರಾಗಿ ನುಗ್ಗುವ ಕಡೆ ಈ ಹನಿಗಳು ಎಳೆದು ಚಪ್ಪಟೆಯಾಗುತ್ತವೆ. ಅದೇ ನಿಮ್ಮ ಸಿಪ್ಪೆ. ಎರಡು ಕಡೆಯಿಂದ ಬಂದ ಹರಿವು ಸೇರುವ ವೆಲ್ಡ್ ಲೈನ್ ಇನ್ನೂ ದುರ್ಬಲ. ನಿಮ್ಮ ಕ್ರೇಟ್ ಮೂಲೆಯಲ್ಲಿ ಬಿಡುತ್ತಿದ್ದರೆ, ವೆಲ್ಡ್ ಲೈನ್ ಅಲ್ಲೇ ಬೀಳುತ್ತಿದೆಯಾ ಎಂದು ಮೋಲ್ಡರ್ ಹತ್ತಿರ ಕೇಳಿ.

ಈಗ ಏಜೆಂಟರ ವಿಷಯ. ಶ್ರೀನಿವಾಸಪುರದ ಕಡೆ ಮಾವಿಗೆ ಕಸಿ ಕಟ್ಟುವುದನ್ನು ನೋಡಿದ್ದೀರಲ್ಲ. ಮ್ಯಾಲೆಯಿಕ್ ಪಿಪಿಯೂ ಕಸಿಯೇ. ಪಿಪಿಯ ಉದ್ದ ಸರಪಳಿಯಂಥ ಅಣುವಿನ ಮೈಮೇಲೆ ಅಲ್ಲಲ್ಲಿ ಮ್ಯಾಲೆಯಿಕ್ ಅನ್‌ಹೈಡ್ರೈಡ್ ಎಂಬ ಸಣ್ಣ ಕೊಕ್ಕೆ ಕೂರಿಸಿರುತ್ತಾರೆ. ನೈಲಾನ್ ಸರಪಳಿಯ ತುದಿಯಲ್ಲಿ ಅಮೈನ್ ಅನ್ನುವ ಗುಂಪು ಇರುತ್ತದೆ. ಎಕ್ಸ್‌ಟ್ರೂಡರಿನ ಬಿಸಿಯಲ್ಲಿ ಕೊಕ್ಕೆ ಹೋಗಿ ಅದನ್ನು ಹಿಡಿಯುತ್ತದೆ. ಹಾಗಾಗಿ ಒಂದು ಕಾಲು ಪಿಪಿಯಲ್ಲಿ, ಒಂದು ಕಾಲು ನೈಲಾನಿನಲ್ಲಿ ಇಟ್ಟ ಹೊಸ ಸರಪಳಿ ಅಲ್ಲೇ ಹುಟ್ಟುತ್ತದೆ. ಪಿಪಿ ಮತ್ತು ನೈಲಾನ್ ಬೆರಕೆಗೆ ಅದು ಬಂಗಾರ. ಆದರೆ ಎಚ್‌ಡಿಯಲ್ಲಿ ಕೊಕ್ಕೆ ಹಿಡಿಯಲು ಏನಿದೆ? ಬರೀ ಇಂಗಾಲ, ಜಲಜನಕ. ಕೊಕ್ಕೆ ಗಾಳಿಯಲ್ಲಿ ನೇತಾಡುತ್ತದೆ, ದುಡ್ಡು ಹೋಗುತ್ತದೆ. ಏಜೆಂಟರಿಗೆ ಒಂದೇ ಪ್ರಶ್ನೆ ಕೇಳಿ: "ಇದು ಎಚ್‌ಡಿಯ ಯಾವ ಭಾಗವನ್ನು ಹಿಡಿಯುತ್ತೆ?" ಸುಮ್ನೆ ಮುಖ ನೋಡಿ.

ನಿಮ್ಮ ಬೆರಕೆಗೆ ಬೇಕಾದದ್ದು ಎರಡೂ ಕಡೆಯ ನೆಂಟಸ್ತಿಕೆ ಇರುವ ಮೆತ್ತನೆಯ ಮಾಲು. ಎಥಿಲೀನ್-ಪ್ರೊಪಿಲೀನ್ ರಬ್ಬರ್, ಅದೇ ಜಾತಿಯ ಇಪಿಡಿಎಂ, ಅಥವಾ ಪಿಒಇ ಎಂದು ದಾನಾ ರೂಪದಲ್ಲೇ ಸಿಗುವ ರಬ್ಬರಿನಂಥ ಎಲಾಸ್ಟೊಮರ್. ಇದು ಹನಿಗಳ ಸುತ್ತ ಹೋಗಿ ಕೂರುತ್ತದೆ, ಪೆಟ್ಟು ಬಿದ್ದಾಗ ತಾನೂ ಎಳೆದುಕೊಳ್ಳುತ್ತದೆ. ನೂರಕ್ಕೆ ಐದರಿಂದ ಶುರು ಮಾಡಿ, ಹತ್ತು ದಾಟಬೇಡಿ. ದಾಟಿದರೆ ಒಡೆಯುವುದೇನೋ ನಿಲ್ಲುತ್ತದೆ, ಆದರೆ ಕ್ರೇಟ್ ಮೇಲೆ ಕ್ರೇಟ್ ಪೇರಿಸಿದಾಗ ಕೆಳಗಿನದು ಹೊಟ್ಟೆ ಬಿಡುತ್ತದೆ. ಕೋಲಾರದ ಮಂಡಿಯಲ್ಲಿ ಕ್ರೇಟನ್ನು ಹೇಗೆ ಎಸೆಯುತ್ತಾರೆ, ಎಷ್ಟು ಎತ್ತರ ಪೇರಿಸುತ್ತಾರೆ ನಿಮಗೇ ಗೊತ್ತು. ಎರಡಕ್ಕೂ ತಡೆಯಬೇಕು. ಪೇಂಟ್ ಕಿತ್ತ ಕಾರ್ ಬಂಪರ್ ಸ್ಕ್ರ್ಯಾಪ್ ಸಿಕ್ಕರೆ ಅದರಲ್ಲಿ ಪಿಪಿ ಜೊತೆ ರಬ್ಬರ್ ಮೊದಲೇ ಇರುತ್ತದೆ, ಸ್ವಲ್ಪ ಕೆಲಸ ಮಾಡುತ್ತದೆ. ಬ್ಯಾಟರಿ ಡಬ್ಬಿ ಸ್ಕ್ರ್ಯಾಪ್ ಕಡೆ ಮಾತ್ರ ಹೋಗಬೇಡಿ. ಅದರಲ್ಲಿ ಸೀಸ ಇರುತ್ತದೆ, ನೀವು ಮಾಡುತ್ತಿರುವುದು ಹಣ್ಣು ತುಂಬುವ ಪೆಟ್ಟಿಗೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ರಾಗಿಮುದ್ದೆ ತೊಳಸುವಾಗ ಗಂಟು ಯಾಕೆ ಉಳಿಯುತ್ತದೆ? ಗಂಟು ಗಟ್ಟಿ, ಸುತ್ತ ಎಸರು ತೆಳು. ಕೋಲು ಗಂಟನ್ನು ಒಡೆಯುವುದಿಲ್ಲ, ಸುಮ್ನೆ ತಳ್ಳಿಕೊಂಡು ಓಡಾಡಿಸುತ್ತದೆ. ಕ್ಯಾನ್, ಡ್ರಮ್ ಮಾಡುವ ಎಚ್‌ಡಿ ಕರಗಿದಾಗ ತುಂಬಾ ಗಟ್ಟಿ. ಅದರ ಎಂಎಫ್‌ಐ, ಅಂದರೆ ಹತ್ತು ನಿಮಿಷದಲ್ಲಿ ಸಣ್ಣ ತೂತಿನಿಂದ ಎಷ್ಟು ಗ್ರಾಂ ಇಳಿಯುತ್ತದೆ ಅನ್ನುವ ಲೆಕ್ಕ, ಒಂದಕ್ಕಿಂತ ಕಡಿಮೆ ಇರುತ್ತದೆ. ಇಂಜೆಕ್ಷನ್ ಪಿಪಿಯದು ಹತ್ತು ಅಥವಾ ಮೇಲೆ. ಜಿ. ಐ. ಟೇಲರ್ ಎಂಬ ಬ್ರಿಟಿಷ್ ವಿಜ್ಞಾನಿ 1930ರ ದಶಕದಲ್ಲೇ ಒಂದು ದ್ರವದೊಳಗಿನ ಇನ್ನೊಂದರ ಹನಿ ಹೇಗೆ ಎಳೆದುಕೊಂಡು ಒಡೆಯುತ್ತದೆ ಎಂದು ಪರೀಕ್ಷಿಸಿದ್ದರು. ಹನಿ ಸುತ್ತಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಗಟ್ಟಿಯಾದರೆ, ಬರೀ ಉಜ್ಜುವಿಕೆಯಿಂದ ಅದು ಒಡೆಯುವುದೇ ಇಲ್ಲ. ನಿಮ್ಮ ಸಿಂಗಲ್ ಸ್ಕ್ರೂ ಮಾಡುವುದು ಹೆಚ್ಚಾಗಿ ಉಜ್ಜುವ ಕೆಲಸವೇ. ಹಾಗಾಗಿ ಕ್ಯಾನಿನ ಎಚ್‌ಡಿ ಬೇರೆ ಇಡಿ. ಕ್ರೇಟು, ಬಕೆಟ್ಟಿನಂಥ ಇಂಜೆಕ್ಷನ್ ಎಚ್‌ಡಿ ಮಾತ್ರ ಪಿಪಿಗೆ ಸೇರಿಸಿ. ಏನೂ ಕೊಳ್ಳದೆ ಅರ್ಧ ಕಾಯಿಲೆ ವಾಸಿಯಾಗಬಹುದು.

ಬೇರೆ ಮಾಡುವುದು ಹೇಗೆ ಅಂತೀರಾ? ತೊಟ್ಟಿಯ ನೀರಿನಲ್ಲಿ ಪಿಪಿ, ಎಚ್‌ಡಿ ಎರಡೂ ತೇಲುತ್ತವೆ, ಅದೇ ತಾಪತ್ರಯ. ಪಿಪಿ ಸಾಂದ್ರತೆ 0.90ರ ಆಸುಪಾಸು, ಎಚ್‌ಡಿಯದು 0.95ರ ಆಸುಪಾಸು. ಒಂದು ಗಾಜಿನ ಲೋಟದಲ್ಲಿ ಸ್ಪಿರಿಟ್ ತೆಗೆದುಕೊಂಡು ಗೊತ್ತಿರುವ ಒಂದು ಚೂರು ಪಿಪಿ, ಒಂದು ಚೂರು ಎಚ್‌ಡಿ ಹಾಕಿ. ಎರಡೂ ಮುಳುಗುತ್ತವೆ. ನೀರನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕಲಕಿ. ಒಂದು ಹಂತದಲ್ಲಿ ಪಿಪಿ ಮೆಲ್ಲಗೆ ಮೇಲೇಳುತ್ತದೆ, ಎಚ್‌ಡಿ ತಳದಲ್ಲೇ ಇರುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಯಾವ ಚೂರು ಹಾಕಿದರೂ ಆ ಲೋಟ ಜಾತಕ ಹೇಳುತ್ತದೆ. ಚೂರಿಗೆ ಗಾಳಿಗುಳ್ಳೆ ಅಂಟಿರಬಾರದು. ಸುಣ್ಣದ ಕಲ್ಲಿನ ಪುಡಿ ತುಂಬಿದ ಪಿಪಿ ಮುಳುಗಿ ಮೋಸ ಮಾಡುತ್ತದೆ, ಅದೂ ಗಮನದಲ್ಲಿರಲಿ. ಹತ್ತಿರ ಬೀಡಿ, ಬೆಂಕಿ ಬೇಡ. ಇದು ಟನ್‌ಗಟ್ಟಲೆ ಮಾಲು ಬೇರ್ಪಡಿಸುವ ವಿಧಾನ ಅಲ್ಲ, ಬಂದ ಲೋಡು ಎಂಥದ್ದು ಅಂತ ತಿಳಿಯಲು ಮಾತ್ರ.

ರಬ್ಬರ್ ಹಾಕಿದ್ದು, ಹಾಕದ್ದು ಎರಡರ ಸ್ಯಾಂಪಲನ್ನೂ ಮೈಸೂರಿನ ಸಿಪೆಟ್‌ಗೆ (ಪ್ಲಾಸ್ಟಿಕ್ ಪರೀಕ್ಷೆ ಮಾಡಿಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಕೊಟ್ಟು ಐಝಾಡ್ ಪರೀಕ್ಷೆ ಮಾಡಿಸಿ. ಚೂರಿಗೆ ಕಚ್ಚು ಹಾಕಿ, ಲೋಲಕದಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಬೇಕಾಯಿತು ಎಂದು ಅಳೆಯುತ್ತಾರೆ. ಆ ಕಾಗದ ಇದ್ದರೆ ಗಿರಾಕಿಯ ಜೊತೆ ಮಾತು ಸುಲಭ.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಎಣ್ಣೆ ನೀರು ಬೆರೆಯುವುದಿಲ್ಲ, ಸರಿ. ಆದರೆ ಪಿಪಿ, ಪಿಇ (ಪಾಲಿಎಥಿಲೀನ್, ಎಚ್‌ಡಿಯೂ ಅದೇ) ಎರಡೂ ಎಣ್ಣೆಯ ಜಾತಿಯೇ ಅಲ್ವಾ? ಸೀಮೆಎಣ್ಣೆ ಪೆಟ್ರೋಲಿನಲ್ಲಿ ಬೆರೆಯುತ್ತೆ. ಇವು ಯಾಕೆ ಬೆರೆಯಲ್ಲ?
— ಓದುಗರು, ತುಮಕೂರು

ಉತ್ತರ: ಒಳ್ಳೇ ಪ್ರಶ್ನೆ ಕಣಮ್ಮ. ಮಷೀನ್ ಓಡಿಸುತ್ತಿದ್ದ ಮೊದಲ ಹತ್ತು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ.

ಹೂವಿನ ಅಂಗಡಿಗೆ ಹೋಗಿ ನೋಡು. ಬಿಡಿ ಮಲ್ಲಿಗೆ, ಬಿಡಿ ಕನಕಾಂಬರ ಒಂದೇ ಬುಟ್ಟಿಗೆ ಸುರಿದು ಅಲ್ಲಾಡಿಸಿದರೆ ಬೆರೆತುಹೋಗುತ್ತವೆ. ಪ್ರತಿ ಹೂವೂ ಎಲ್ಲಿ ಬೇಕಾದರೂ ಕೂರಬಹುದು. ಬೆರೆಯುವುದಕ್ಕೆ ಲೆಕ್ಕವಿಲ್ಲದಷ್ಟು ದಾರಿ ಇದೆ, ಬೇರೆ ಬೇರೆಯಾಗಿ ಉಳಿಯುವುದಕ್ಕೆ ಒಂದೆರಡೇ. ಸೀಮೆಎಣ್ಣೆ, ಪೆಟ್ರೋಲ್ ಹೀಗೆ. ಈಗ ಅದೇ ಹೂಗಳನ್ನು ಕಟ್ಟಿಬಿಡು. ಮಲ್ಲಿಗೆಯದೇ ಉದ್ದನೆಯ ಮಾರು, ಕನಕಾಂಬರದ್ದೇ ಉದ್ದನೆಯ ಮಾರು. ಬುಟ್ಟಿ ಅಲ್ಲಾಡಿಸು. ಒಂದು ಹೂವು ಹೋದ ಕಡೆ ಅದರ ಅಕ್ಕಪಕ್ಕದ್ದೂ ಹೋಗಲೇಬೇಕು. ಬೆರೆಯುವ ದಾರಿಗಳು ಗಬಕ್ಕನೆ ಕಮ್ಮಿಯಾದವು. ಆಗ ಮಲ್ಲಿಗೆಗೂ ಕನಕಾಂಬರಕ್ಕೂ ಒಂಚೂರು ಮನಸ್ತಾಪ ಇದ್ದರೆ ಸಾಕು, ಅದೇ ಗೆದ್ದುಬಿಡುತ್ತದೆ. ಸಾವಿರಾರು ಇಂಗಾಲ ಪರಮಾಣು ಪೋಣಿಸಿದ ಸರಪಳಿ ಅಂದರೆ ಎಷ್ಟು ಉದ್ದದ ಮಾರು, ಯೋಚಿಸು. ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ 1940ರ ದಶಕದ ಆರಂಭದಲ್ಲಿ ಬೇರೆ ಬೇರೆಯಾಗಿ ಈ ಲೆಕ್ಕ ಕಟ್ಟಿದರು. ಫ್ಲೋರಿಗೆ 1974ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು, ಪಾಲಿಮರ್‌ಗಳ ಮೇಲಿನ ಒಟ್ಟು ಕೆಲಸಕ್ಕೆ.

ಹಾಗಂತ ಯಾವುದೂ ಬೆರೆಯುವುದೇ ಇಲ್ಲ ಅಂದುಕೊಳ್ಳಬೇಡ. ಪಾಲಿಸ್ಟೈರೀನ್ ಮತ್ತು ಪಿಪಿಒ (ಪಾಲಿಫಿನೈಲೀನ್ ಆಕ್ಸೈಡ್) ಎಂಬ ಪ್ಲಾಸ್ಟಿಕ್ ಪೂರ್ತಿ ಬೆರೆಯುತ್ತವೆ. ಅವು ಒಂದನ್ನೊಂದು ಕಂಡರೆ ಇಷ್ಟಪಡುವ ಅಪರೂಪದ ಜೋಡಿ.

ಈಗ ಮಾಲೂರಿನವರ ಪತ್ರಕ್ಕೂ ಇದಕ್ಕೂ ಸಂಬಂಧ ಹೇಳುತ್ತೇನೆ. ಒಂದೇ ದಾರದಲ್ಲಿ ಅರ್ಧ ಮೊಳ ಮಲ್ಲಿಗೆ, ಅರ್ಧ ಮೊಳ ಕನಕಾಂಬರ, ಮತ್ತೆ ಮಲ್ಲಿಗೆ, ಮತ್ತೆ ಕನಕಾಂಬರ ಕಟ್ಟಿದರೆ? ಆ ಮಾಲೆ ಎರಡು ಗುಂಪಿನ ಗಡಿಯಲ್ಲೇ ನಿಲ್ಲುತ್ತದೆ. ಅದರ ಮಲ್ಲಿಗೆ ಭಾಗ ಮಲ್ಲಿಗೆ ರಾಶಿಯೊಳಗೆ, ಕನಕಾಂಬರ ಭಾಗ ಈಚೆ ರಾಶಿಯೊಳಗೆ. ಗಡಿಯನ್ನು ದಾರದಲ್ಲೇ ಹೊಲಿದ ಹಾಗಾಯಿತು. ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನೇ ಮಾಡಿದರು. ಹಾಫ್ನಿಯಂ ಎಂಬ ಲೋಹದ ಕೆಟಲಿಸ್ಟ್ (ಸರಪಳಿ ಕಟ್ಟುವ ಕ್ರಿಯೆ ನಡೆಸುವ ವಸ್ತು) ಇಟ್ಟುಕೊಂಡು ಪಿಇ, ಪಿಪಿ, ಪಿಇ, ಪಿಪಿ ಎಂದು ನಾಲ್ಕು ತುಂಡು ಸೇರಿದ ಸರಪಳಿ ಕಟ್ಟಿದರು. 70 ಭಾಗ ಪಿಇ, 30 ಭಾಗ ಪಿಪಿ ಬೆರಕೆಗೆ ಅದನ್ನು ನೂರಕ್ಕೆ ಒಂದು ಹಾಕಿದರು. ಎಳೆದರೆ ಪಟ್ಟನೆ ತುಂಡಾಗುತ್ತಿದ್ದ ಬೆರಕೆ ಮೂಲ ಉದ್ದದ ಹಲವು ಪಟ್ಟು ಎಳೆದುಕೊಂಡಿತು. ತುಂಡುಗಳು ತಕ್ಕಷ್ಟು ಉದ್ದ ಇರಬೇಕು. ಗಿಡ್ಡ ಇದ್ದರೆ ರಾಶಿಯೊಳಗೆ ಬೇರು ಬಿಡುವುದಿಲ್ಲ, ಎಳೆದ ತಕ್ಷಣ ಜಾರಿ ಈಚೆ ಬರುತ್ತವೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿಂದ ಶುರು ಮಾಡಮ್ಮ.

ಪ್ರಶ್ನೆ: ನೈಲಾನ್ 6ರಲ್ಲಿ ಮಷೀನಿನ ಲಿವರ್ ಮಾಡುತ್ತೇವೆ. ಕೆಳಗೆ ಬಿದ್ದರೆ ಒಡೆಯುತ್ತದೆ. ರಬ್ಬರ್ ಹಾಕಿದರೆ ಸರಿಹೋಗುತ್ತೆ ಅಂತ ಇಪಿಡಿಎಂ ನೂರಕ್ಕೆ ಹದಿನೈದು ಹಾಕಿದೆವು. ಮೊದಲಿಗಿಂತ ಕೆಟ್ಟದಾಯಿತು. ಏನು ತಪ್ಪು?
— ಓದುಗರು, ಗೌರಿಬಿದನೂರು

ಉತ್ತರ: ರಬ್ಬರ್ ಸರಿ, ಜಾತಿ ತಪ್ಪು. ಮಾಲೂರಿನವರಿಗೆ ಬೇಡ ಅಂದ ಕೊಕ್ಕೆ ನಿಮಗೆ ಬೇಕು. ಸಾದಾ ಇಪಿಡಿಎಂ ನೈಲಾನಿನೊಳಗೆ ದಪ್ಪ ಹನಿಗಳಾಗಿ ಕೂತು ತೂತಿನಂತೆ ಕೆಲಸ ಮಾಡುತ್ತದೆ. ಮ್ಯಾಲೆಯಿಕ್ ಕಸಿ ಮಾಡಿದ ಇಪಿಡಿಎಂ ಅಥವಾ ಪಿಒಇ ತನ್ನಿ. ಅದು ನೈಲಾನ್ ತುದಿಗಳನ್ನು ಹಿಡಿದು, ಹನಿಗಳು ಮತ್ತೆ ಒಂದಕ್ಕೊಂದು ಸೇರಿ ದಪ್ಪವಾಗದ ಹಾಗೆ ತಡೆಯುತ್ತದೆ.

ಹನಿ ಸಣ್ಣದಿರಬೇಕು ಅನ್ನುವುದಕ್ಕಿಂತ ಹನಿ ಹನಿಯ ನಡುವೆ ಉಳಿದ ನೈಲಾನ್ ಗೋಡೆ ತೆಳುವಾಗಿರಬೇಕು. ಡ್ಯುಪಾಂಟಿನ ಸೌಹೆಂಗ್ ವು 1985ರಲ್ಲಿ ತೋರಿಸಿದ್ದು ಇದನ್ನೇ. ಅವರು ಪರೀಕ್ಷಿಸಿದ ರಬ್ಬರ್ ಬೆರೆಸಿದ ನೈಲಾನಿನಲ್ಲಿ ಆ ಗೋಡೆ ಸುಮಾರು 0.3 ಮೈಕ್ರಾನ್‌ಗಿಂತ ತೆಳುವಾದಾಗ ಮಾಲು ಇದ್ದಕ್ಕಿದ್ದ ಹಾಗೆ ಗಟ್ಟಿಮುಟ್ಟಾಯಿತು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಗೋಡೆ ದಪ್ಪ ಇದ್ದಾಗ ಒಳಗೆ ಒತ್ತಡ ಸಿಕ್ಕಿಹಾಕಿಕೊಂಡು ಬಿರುಕಾಗುತ್ತದೆ. ತೆಳುವಾದರೆ ಗೋಡೆಯೇ ಬಾಗಿ, ಜಗ್ಗಿ, ಪೆಟ್ಟನ್ನು ಕರಗಿಸುತ್ತದೆ. ಅದಕ್ಕೆ ಎರಡು ತಿರುಪಿನ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಬೇಕೇ ಬೇಕು. ಮೋಲ್ಡಿಂಗ್ ಮಷೀನಿನ ಹಾಪರಿನಲ್ಲಿ ಕೈಯಲ್ಲೇ ಕಲಸಿ ಹಾಕಿದ್ದರೆ ಆಗುವ ಕೆಲಸ ಅಲ್ಲ ಅದು.

ಇನ್ನು ಒಣಗಿಸುವ ವಿಷಯ. ನೈಲಾನ್ ದಾನಾ ಮಷೀನಿಗೆ ಹಾಕುವ ಮೊದಲು 80 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ಗಂಟೆ ಒಣಗಿಸಿ, ಇಲ್ಲದಿದ್ದರೆ ಬ್ಯಾರೆಲ್‌ನಲ್ಲಿ (ಮಷೀನಿನ ಬಿಸಿ ಕೊಳವೆ) ನೀರು ಸರಪಳಿಯನ್ನೇ ಕತ್ತರಿಸುತ್ತದೆ. ಆದರೆ ಅಚ್ಚಿನಿಂದ ಬಂದ ಪಾರ್ಟ್ ತೀರಾ ಒಣಗಿರುವಾಗ ನೈಲಾನ್ ಬಿರುಸಾಗಿರುತ್ತದೆ. ಬಿಸಿನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿಟ್ಟು ಆಮೇಲೆ ಬೀಳಿಸಿ ನೋಡಿ. ಲಿವರ್ ಮೂಲೆಯಲ್ಲಿ ಚೂಪಾದ ಒಳಕೋನ ಇದ್ದರೆ ಟೂಲ್‌ರೂಮಿನವರ ಹತ್ತಿರ ದುಂಡಗೆ ಮಾಡಿಸಿ. ರಬ್ಬರಿಗಿಂತ ಅಗ್ಗದ ರಿಪೇರಿ ಅದು.

ಪ್ರಶ್ನೆ: ನಮ್ಮಲ್ಲಿ ತೆಂಗಿನ ಚಿಪ್ಪಿನ ಪುಡಿ ಧಾರಾಳ. ಪಿಪಿಗೆ ಸೇರಿಸಿ ಕುಂಡ ಮಾಡಿದೆವು. ಪುಡಿ ಉದುರುತ್ತದೆ, ಕುಂಡ ಬಿರಿಯುತ್ತದೆ. ಇದಕ್ಕೂ ಏನಾದರೂ ಹಾಕಬಹುದಾ?
— ಓದುಗರು, ತಿಪಟೂರು

ಉತ್ತರ: ಹಾಕಬಹುದು. ಇದೂ ಬೆರೆಯದವರ ಕತೆಯೇ, ಒಂದು ಕಡೆ ಪ್ಲಾಸ್ಟಿಕ್ ಬದಲು ಚಿಪ್ಪು ಇದೆ ಅಷ್ಟೆ. ಚಿಪ್ಪಿನ ಮೈತುಂಬ ನೀರನ್ನು ಇಷ್ಟಪಡುವ ಹೈಡ್ರಾಕ್ಸಿಲ್ ಗುಂಪುಗಳು. ಪಿಪಿಗೆ ನೀರು ಕಂಡರಾಗದು. ಇಲ್ಲಿ ಮ್ಯಾಲೆಯಿಕ್ ಪಿಪಿ ಸರಿಯಾದ ಮದ್ದು. ಒಟ್ಟು ತೂಕಕ್ಕೆ ನೂರಕ್ಕೆ ಎರಡು ಮೂರು ಸಾಕು. ಪುಡಿಯನ್ನು ಒಲೆಯಂಥ ಡ್ರೈಯರಿನಲ್ಲಿ ಚೆನ್ನಾಗಿ ಒಣಗಿಸಿ, ಬಿಸಿಲಿನಲ್ಲಿ ಹರವಿದ್ದು ಸಾಲದು. ಬ್ಯಾರೆಲ್ 200 ಡಿಗ್ರಿ ದಾಟಿಸಬೇಡಿ, ಚಿಪ್ಪು ಸೀದು ಶೆಡ್ ತುಂಬ ವಾಸನೆ ಬರುತ್ತದೆ. ಒಂದು ಮಾತು ನೆನಪಿರಲಿ: ಇದರಿಂದ ಕುಂಡ ಬಲವಾಗುತ್ತದೆ, ಪುಡಿ ಉದುರುವುದು ನಿಲ್ಲುತ್ತದೆ. ಆದರೆ ಬೀಳಿಸಿದರೂ ಒಡೆಯದ ಹಾಗೆ ಆಗಬೇಕಾದರೆ ಸ್ವಲ್ಪ ಪಿಒಇ ಕೂಡ ಬೇಕು. ಅಂಟಿಕೊಳ್ಳುವುದು ಬೇರೆ, ಪೆಟ್ಟು ತಿನ್ನುವುದು ಬೇರೆ.

ಪ್ರಶ್ನೆ: ರೇಷ್ಮೆ ಹುಳ ಬಿಡುವ ಪ್ಲಾಸ್ಟಿಕ್ ಚಂದ್ರಿಕೆಗಳನ್ನು ಮನೆ ಮೇಲೆ ಒಣಗಲು ಹಾಕುತ್ತಿದ್ದೆವು. ಎರಡು ವರ್ಷಕ್ಕೆ ಮುಟ್ಟಿದರೆ ಪುಡಿಯಾಗುತ್ತಿವೆ. ಅಂಟು ಹಾಕಿದರೆ ಹಿಡಿಯುತ್ತಿಲ್ಲ. ಕರಗಿಸಿ ಹೊಸ ಪ್ಲಾಸ್ಟಿಕ್ ಜೊತೆ ಸೇರಿಸಿದರೆ ಆಗುತ್ತಾ?
— ಓದುಗರು, ಶಿಡ್ಲಘಟ್ಟ

ಉತ್ತರ: ಆಗಲ್ಲಮ್ಮ. ನಿಮ್ಮದು ಬೆರಕೆಯ ದೋಷ ಅಲ್ಲ, ಬಿಸಿಲಿನ ದೋಷ. ಬಿಸಿಲಿನ ನೇರಳಾತೀತ ಕಿರಣ ಸರಪಳಿಗಳನ್ನೇ ಚೂರು ಚೂರು ಮಾಡಿದೆ. ಸರಪಳಿಯೇ ತುಂಡಾದ ಮೇಲೆ ಯಾವ ಕಸಿಯೂ ಹತ್ತುವುದಿಲ್ಲ, ಹೊಸ ಮಾಲನ್ನೂ ಅದು ಕೆಡಿಸುತ್ತದೆ. ಅಂಟು ಹಿಡಿಯದಿರುವುದಕ್ಕೆ ಕಾರಣ ಪಿಪಿ, ಪಿಇಯ ಮೈ. ಮೇಲೆ ಹೇಳಿದ ಹಾಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಪುಡಿಯಾಗದೆ ಬರೀ ಸೀಳಿರುವ ಒಂದೆರಡು ಇದ್ದರೆ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಇಟ್ಟು ಬಿಸಿಗಾಳಿ ಗನ್ನಿನಲ್ಲಿ ಬೆಸೆಯಿಸಬಹುದು. ಹೊಸದು ಕೊಳ್ಳುವಾಗ ಕಪ್ಪು ಬಣ್ಣದ್ದು ಸಿಗುತ್ತದೆಯಾ ವಿಚಾರಿಸಿ. ಹೊಲದಲ್ಲಿ ಬಿದ್ದಿರುವ ಕಪ್ಪು ಪಿಇ ಪೈಪು ವರ್ಷಗಟ್ಟಲೆ ಬಿಸಿಲು ತಡೆಯುವುದು ಅದರೊಳಗಿನ ನೂರಕ್ಕೆ ಎರಡರಷ್ಟು ಕಾರ್ಬನ್ ಬ್ಲ್ಯಾಕಿನಿಂದ. ಕಪ್ಪು ಸಿಗದಿದ್ದರೆ, ತೊಳೆದ ಚಂದ್ರಿಕೆಯನ್ನು ಜಗಲಿಯ ನೆರಳಿನಲ್ಲಿ ಒರಗಿಸಿಡಿ.